ದೋಷ ೪೭

ಬ್ಲಾಕ್‌ಪೂಲಿನ ಟ್ರಾಮ್ ಶೆಡ್ಡು, ರಾತ್ರಿ ಒಂದೂಕಾಲು.
ಕಡೆಯ ಗಾಡಿ ಮೈಗೆಲ್ಲ ಮರಳು ಮೆತ್ತಿಕೊಂಡು ಬಂದು ನಿಂತಿದೆ.
ಅದರ ಟಿಕೆಟ್ ಯಂತ್ರ ನನ್ನ ಮೇಜಿನ ಮೇಲೆ
ಹೊಟ್ಟೆ ಬಿಚ್ಚಿಕೊಂಡು ಮಲಗಿ
ಒಂದೇ ಮಾತು ಹೇಳುತ್ತಿದೆ: ದೋಷ ೪೭.

ಕಂಪನಿಯ ಕೈಪಿಡಿಯಲ್ಲಿ ೪೬ ಇದೆ, ೪೮ ಇದೆ.
ನಡುವಿನದ್ದು ಕೇಳಿದರೆ
ಹೊಸ ಯಂತ್ರ ಕೊಳ್ಳಿ ಅನ್ನುತ್ತಾರೆ, ಬಹಳ ವಿನಯದಿಂದ.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ?
ಕಡಲಿನ ಉಪ್ಪು ಇಲ್ಲಿ ಎಲ್ಲದರೊಳಗೂ ಬರುತ್ತದೆ:
ಬಾಗಿಲ ತಿರುಗಣಿಗೆ, ಸಕ್ಕರೆ ಡಬ್ಬಿಗೆ,
ಕೂದಲೆಳೆಯಷ್ಟು ತೆಳ್ಳಗಿನ ತಾಮ್ರದ ದಾರಿಗೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕು;
ಈ ಯಂತ್ರಕ್ಕೆ ಮಾತ್ರ ಸ್ಪಿರಿಟ್ಟೇ ಆಗಬೇಕು.

ಇದು ನನಗೆ ಹೊಳೆದದ್ದಲ್ಲ.
ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ, ಇದೇ ೪೭,
ಐದು ರಾತ್ರಿ ನನ್ನನ್ನು ಅಳಿಸಿತ್ತು.
ಆರನೆಯ ರಾತ್ರಿ ಡ್ರಾಯರಿನ ತಳದಲ್ಲಿ
ಸುಟ್ಟ ಫ್ಯೂಸುಗಳ ಕೆಳಗೆ
ಸಿಗರೇಟು ಪ್ಯಾಕಿನ ಹರಿದ ರಟ್ಟು, ಬೆನ್ನಿಗೆ ಪೆನ್ಸಿಲ್ಲಿನಲ್ಲಿ:
‘ಎಡಗಡೆಯ ಮೂರನೇ ಪಿನ್ನು. ಒರೆಸು. ಒಣಗಲು ಬಿಡು.
ಊದಬೇಡ. ಉಸಿರಲ್ಲೂ ನೀರಿದೆ.’

ಸಹಿ ಇಲ್ಲ, ತಾರೀಖಿಲ್ಲ.
ಹಳಬ ನಾರ್ಮನ್ ಇರಬಹುದು ಎಂದರು ಕೆಲವರು.
ನಾರ್ಮನ್ನನ ಅಕ್ಷರ ಕಂಡವರು ನಕ್ಕರು.

ಅಂದಿನಿಂದ ನಾನೂ ಬರೆಯುತ್ತೇನೆ.
ನೀಲಿ ರಟ್ಟಿನ ಪುಸ್ತಕ, ಒಂದು ದಾರ, ಗೋಡೆಗೊಂದು ಮೊಳೆ.
ಏನು ಕೆಟ್ಟಿತ್ತು, ಏನು ಮಾಡಿದೆ,
ಅದಕ್ಕೂ ಮೊದಲು ಏನೇನು ಮಾಡಿ ಪೆಚ್ಚಾದೆ.
ಅದನ್ನೇ ಹೆಚ್ಚು.
ಗೆದ್ದದ್ದನ್ನು ಯಾರಾದರೂ ಬರೆದಾರು;
ಹೋಗಬಾರದ ದಾರಿಗೆ ಮುಳ್ಳು ಎಳೆದಿಟ್ಟು ಹೋಗುವವರು ಕಡಿಮೆ.

‘ಇದಕ್ಕೆ ಸಂಬಳ ಉಂಟಾ, ಮಂದಾ?’
ಕ್ಲೆಮೆಂಟ್ ಕೇಳುತ್ತಾನೆ, ಸ್ಯಾಂಡ್‌ವಿಚ್ಚು ಬಾಯಲ್ಲಿಟ್ಟುಕೊಂಡೇ.
ಮಂದಾಕಿನಿಯ ಬಾಲ ಕತ್ತರಿಸಿ ಉಳಿಸಿದ್ದು ಏನೆಂದು ಅವನಿಗೆ ಗೊತ್ತಿಲ್ಲ.
ಈ ಹೊತ್ತಿಗೆ ಒಪ್ಪುತ್ತದೆ ಬಿಡಿ.
‘ಯಾರು ಓದುತ್ತಾರೆ?’
ಋಣ ಅನ್ನೋಣವೆಂದರೆ
ಅವನ ಭಾಷೆಯಲ್ಲಿ ಆ ಮಾತು ಬ್ಯಾಂಕಿನವರ ಪಾಲಾಗಿದೆ.
‘ನಾನೇ ಓದುತ್ತೇನೆ’ ಎಂದೆ.
ಅದೂ ಸುಳ್ಳಲ್ಲ. ಮಾರ್ಚಿನವಳು ಬರೆದಿಡದಿದ್ದರೆ
ನವೆಂಬರಿನವಳು ಮತ್ತೆ ಅದೇ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಾಳೆ.

ಹೋದ ವಾರ ಪುಟ ತಿರುವುತ್ತಿದ್ದೆ.
‘ನಾಲ್ಕನೇ ಸ್ಕ್ರೂ ಪೂರ್ತಿ ಬಿಗಿಮಾಡು’: ನನ್ನ ಬರಹ,
ಕೆಳಗೆ ಎರಡು ಗೆರೆ, ಅಷ್ಟು ಖಾತರಿ.
ಅದರ ಪಕ್ಕ, ಕೆಂಪು ಶಾಯಿ, ಎಡಕ್ಕೆ ವಾಲಿದ ಅಕ್ಷರ:
‘ಪೂರ್ತಿ ಬೇಡ. ಕಾಲು ಸುತ್ತು ಸಡಿಲ ಬಿಡು. ಹಲಗೆ ಬಿರಿಯುತ್ತದೆ.’

ತೆಗೆದು ನೋಡಿದೆ. ಬಿರಿದಿತ್ತು.
ಹನ್ನೊಂದು ತಿಂಗಳು, ಯಂತ್ರದಿಂದ ಯಂತ್ರಕ್ಕೆ,
ಎಷ್ಟು ಹಲಗೆ ಬಿರಿಯಿಸಿದೆನೋ ಈ ಕೈಯಾರೆ.
ಕಿವಿ ಬಿಸಿಯಾಯಿತು.
ಆಮೇಲೆ, ನಾಚಿಕೆಯ ಬೆನ್ನಿಗೇ, ಹೇಳಿಕೊಳ್ಳಲಾಗದಂಥ ಖುಷಿ:
ಯಾರೋ ಓದಿದ್ದಾರೆ,
ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡು ಓದಿದ್ದಾರೆ.

ಯಾರೆಂದು ವಿಚಾರಿಸಲಿಲ್ಲ.
ನನ್ನ ತಪ್ಪನ್ನು ಹೊಡೆದುಹಾಕಲೂ ಇಲ್ಲ.
ಎರಡೂ ಇರಲಿ ಅಕ್ಕಪಕ್ಕ.

ಈಗ ಪಿನ್ನು ಒರೆಸಿಯಾಯಿತು. ತುಟಿ ಬಿಗಿಹಿಡಿದು ಕೂತು
ಹೊಸ ಸಾಲು ಬರೆಯುತ್ತೇನೆ:

‘೪೭, ಮತ್ತೆ. ಅದೇ ಪಿನ್ನು.
ಒಣಗಲು ಹನ್ನೆರಡು ನಿಮಿಷ, ಥಂಡಿಯಿದ್ದರೆ ಇಪ್ಪತ್ತು.
ಅಲ್ಲಿತನಕ ಟೀ ಮಾಡಿಕೊ.
ಫ್ರಿಜ್ಜಿನಲ್ಲಿ ಹಸಿರು ಮುಚ್ಚಳದ ಹಾಲು ನನ್ನದು. ತಗೋ.’