ಪೆಟ್ಟಿಗೆಗೆ ಕಿವಿಯಿಟ್ಟ ಹಾಗೆ

ಚೆರ್ಕಳದ ಇಳಿಜಾರಿನಲ್ಲಿ ತಗಡಿನ ಶೆಡ್ಡಿನೆದುರು
ಎರಡು ಜೀಪು ತೊಳೆದು ನಿಲ್ಲಿಸಿದ್ದರು ಅಂದುಂಞಿಚ್ಚ,
ಟಯರಿಗೆ ಕರಿ ಪಾಲಿಶು ಹಚ್ಚಿ.
‘ಯಜಮಾನ್ರು ಬರ್ಲಿಲ್ವಾ?’
ಅವರಿಗೆ ಜೇನೆಂದರೆ ಹೆದರಿಕೆ ಎಂದೆ.
ನಕ್ಕರು. ಚಾಯ ತರಿಸಿದರು.

ನನಗೆ ಬೇಕಾದದ್ದು ಇಷ್ಟೆ:
ಹಿಂದೊಂದು ಟ್ರೈಲರು, ಅದರಲ್ಲಿ ಅರುವತ್ತು ಪೆಟ್ಟಿಗೆ,
ಒಂದೊಂದರಲ್ಲೂ ಒಂದೊಂದು ಊರು.
ಮಕರ ಮುಗಿಯುವಾಗ ಬಂದಡ್ಕದಾಚೆ, ಪಾಣತ್ತೂರಿನಾಚೆ
ರಬ್ಬರು ತಾಮ್ರದ ಬಣ್ಣಕ್ಕೆ ಚಿಗುರುತ್ತದೆ;
ಅಲ್ಲಿ ಜೇನು ಹೂವಿನಲ್ಲಲ್ಲ, ಎಲೆಯ ತೊಟ್ಟಿನಲ್ಲಿ.
ದಾರಿ ಎಂದರೆ
ಮಳೆಗಾಲ ಬಿಟ್ಟುಹೋದ ಚರಳುಕಲ್ಲಿನ ತೋಡು.
ಹೊರಡುವುದು ಎಲ್ಲ ಒಳಸೇರಿ ಕತ್ತಲಾದ ಮೇಲೆ,
ತಲುಪುವುದು ಬೆಳಕು ಹರಿಯುವ ಮೊದಲು.
ನಡುವೆ ಒಂದು ಜರ್ಕಿಗೆ ಎರಿ ಕಳಚಿ ಬೀಳುತ್ತದೆ.
ಹೋದ ವರ್ಷ ಬಾಡಿಗೆಯ ಪಿಕಪ್ಪಿನಲ್ಲಿ
ಹದಿನೇಳು ಊರು ಮುಳುಗಿದವು
ತಮ್ಮದೇ ಜೇನಿನಲ್ಲಿ.

ಮೊದಲನೆಯದು ಕೆಂಪು, ಬಂಪರಿಗೆ ಆರು ಲೈಟು.
ಐತಪ್ಪಣ್ಣ ಗೋಣಿ ಹಾಸಿ ಅಡಿಗೆ ನುಗ್ಗಿ
ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿ ತಟ್ಟುತ್ತ ಹೋದ:
ಟಣ್, ಟಣ್, ಟಣ್,
ಆಮೇಲೊಂದು ಕಡೆ ದೊಬ್.
ಅಲ್ಲಿ ಬಣ್ಣದ ಹಿಂದೆ ಬರೀ ಪುಟ್ಟಿ.
ಸಂದಿಗೆ ಬೆರಳು ಹಾಕಿದೆ, ಮರಳು ಬಂತು,
ನಾಲಗೆಗೆ ಮುಟ್ಟಿಸಿದೆ. ಉಪ್ಪು.
‘ಕಸಬದಲ್ಲಿ ದೋಣಿ ಎಳೆದದ್ದಾ ಇಚ್ಚಾ?’
ಅವರು ಮೋಡ ನೋಡಿದರು. ಮೋಡ ಇರಲಿಲ್ಲ.

ಎರಡನೆಯದರ ಮೀಟರಿನಲ್ಲಿ ನಲುವತ್ತು ಸಾವಿರ;
ಕ್ಲಚ್ಚಿನ ಪೆಡಲು ಮಾತ್ರ
ನಾಲ್ಕು ಲಕ್ಷ ನಡೆದ ಅಜ್ಜಿಯ ಹಿಮ್ಮಡಿ.
ನಂಬರು ಪುತ್ತೂರಿನದು. ಜೀಪು ತಲಪಾಡಿ ದಾಟಿದೆ,
ಕಾಗದ ಇನ್ನೂ ಆಚೆಯೇ ನಿಂತಿದೆ.
ನಮ್ಮ ಮಾತಿಗೆ ಇಲ್ಲದ ಗಡಿ
ಕಬ್ಬಿಣಕ್ಕೆ ಇದೆ.

ಇವೆರಡರ ಬೋನೆಟ್ಟೂ ಬೆಚ್ಚಗಿತ್ತು,
ನಾನು ಬರುವ ಮೊದಲೇ ಎಬ್ಬಿಸಿ ಇಟ್ಟಿದ್ದರು.

ಶೆಡ್ಡಿನ ಹಿಂದೆ ಒಂದಿತ್ತು. ‘ಅದು ಬೇಡ, ಅದು ಗುಜರಿಗೆ.’
ಹಸಿರೆಂದು ಹೇಳಬಹುದಾದ ಬಣ್ಣ.
ಎಸ್ಟೇಟಿನಲ್ಲಿ ರಬ್ಬರು ಹಾಲಿನ ಡ್ರಮ್ಮು ಹೊತ್ತದ್ದು,
ಎಡಗಡೆಯ ಬಾಗಿಲಿಗೆ ಹಗ್ಗ,
ಹಿಂದಿನ ಸೀಟಿನಲ್ಲಿ ಕಾವು ಕೂತ ಕೋಳಿ.
ಕೊಕ್ಕೆಯ ತೂತು ಎಳೆದೆಳೆದು ಮೊಟ್ಟೆಯಾಕಾರ.
ಎಳೆದದ್ದನ್ನು ಇದು ಮುಚ್ಚಿಟ್ಟಿಲ್ಲ.
ಬೋನೆಟ್ಟು ತಣ್ಣಗೆ.

ರಾಣಿ ಇರುವ ಪೆಟ್ಟಿಗೆಯನ್ನು
ಬೆರಳ ಗೆಣ್ಣಿನಿಂದ ತಟ್ಟಿದರೆ
ಒಮ್ಮೆ ಭುಂ ಎಂದು ಸುಮ್ಮನಾಗುತ್ತದೆ.
ರಾಣಿ ಸತ್ತದ್ದು
ನಿಲ್ಲಿಸುವುದಿಲ್ಲ, ಕೊರಗುತ್ತಲೇ ಇರುತ್ತದೆ.
ಮೂರನೇ ಸಲಕ್ಕೆ ಎದ್ದ ಎಂಜಿನಿಗೆ ಕಿವಿ ಕೊಟ್ಟೆ.
ಐತಪ್ಪಣ್ಣ ಆಕ್ಸಿಲರೇಟರು ಒತ್ತಿ ಬಿಟ್ಟ,
ಒತ್ತಿ ಬಿಟ್ಟ.
ಬಿಟ್ಟ ಕೂಡಲೇ ಸುಮ್ಮನಾಯಿತು.

ಅಡಿಯಲ್ಲಿ ಎಣ್ಣೆಯ ತೊಟ್ಟು. ‘ಸೋರ್ತದೆ’ ಎಂದೆ.
‘ಸೋರ್ತದಾದ್ರೆ ಒಳಗೆ ಉಂಟು ಅಂತ ಲೆಕ್ಕ’ ಎಂದ ಅವನು.

ಕಲ್ಲು ಕಡಿದು ಬಿಟ್ಟ ಪಣೆಯೊಂದು ಪಕ್ಕದಲ್ಲೇ ಇತ್ತು.
ಯಾರದೋ ಟ್ರೈಲರು ಸಿಕ್ಕಿಸಿ, ನೂರು ಕೆಂಪುಕಲ್ಲು ತುಂಬಿಸಿ,
ಡ್ಯಾಶಿನ ಮೇಲೆ ಚಾಯದ ಗ್ಲಾಸು ಇಟ್ಟು,
ಸಣ್ಣ ಲಿವರು ಲೋಗೆ ಎಳೆದೆ.
ನಾಲ್ಕು ಗಾಲಿಯೂ ಒಂದೇ ಮಾತಿಗೆ ಒಪ್ಪಿದ ಹಾಗೆ
ನಿಧಾನ, ಬಹಳ ನಿಧಾನ, ಹತ್ತಿತು.
ಹತ್ತುವುದು ದೊಡ್ಡದಲ್ಲ.
ಇಳಿಯುವಾಗ ಹಿಂದಿನದು ಬೆನ್ನಿಗೆ ಕೈಯಿಟ್ಟು ದೂಡುತ್ತದೆ,
ಆಗ ಗೊತ್ತಾಗುವುದು ಯಾರು ಯಾರನ್ನು ಎಳೆಯುತ್ತಿದ್ದಾರೆ ಎಂದು.
ಗೇರಿನಲ್ಲೇ ಹಿಡಿದುಕೊಂಡಿತು, ಬ್ರೇಕು ಮುಟ್ಟಲಿಲ್ಲ.
ಗ್ಲಾಸಿನಿಂದ ಒಂದು ಗುಟುಕು ಚೆಲ್ಲಿತ್ತು.
ಅಷ್ಟು ನನ್ನ ಕೈಯೂ ಚೆಲ್ಲುತ್ತದೆ.

ರೇಟು ಹೇಳಿದರು. ನಾನು ಅರ್ಧ ಹೇಳಿದೆ.
‘ಗುಜರಿ ಅಂದದ್ದು ಯಾರು ಇಚ್ಚಾ?’
ಕಣ್ಣು ಮುಚ್ಚಿ ನಡುವಿನದಕ್ಕೆ ತಲೆಯಾಡಿಸಿದರು.

ಆರ್‌ಸಿ ಸಿಕ್ಕಿತು, ಕೀ ಸಿಕ್ಕಿತು, ಜಾಕಿ ಸಿಗಲಿಲ್ಲ.
ಪಣೆ ಹತ್ತಿ ಇಳಿದರೂ ಜಾಗ ಬಿಡದ ಕೋಳಿಯನ್ನು
ಹಿಂದಿನ ಸೀಟಿನಿಂದ ಎಬ್ಬಿಸುವುದಕ್ಕೆ ಮಾತ್ರ
ಅರ್ಧ ಗಂಟೆ ಹಿಡಿಯಿತು.