ಎರಡು ಸಾವಿರದ ನಲವತ್ತೊಂದನೇ ಸಾಲು

ಕ್ಲೈಪೆಡಾದಲ್ಲಿ ಡಿಸೆಂಬರಿನ ಮೂರು ಗಂಟೆಗೇ ದೀಪ ಹಾಕಬೇಕು.
ಕಿಟಕಿಯಾಚೆ ಬಂದರಿನ ಕ್ರೇನುಗಳು
ಸೊಂಟದವರೆಗೆ ಮಂಜಿನಲ್ಲಿ.
ನನ್ನ ಮೇಜಿನವರೆಗೆ ಹಣ ಎಂದೂ ಬಂದದ್ದಿಲ್ಲ.
ಹಣ ಹೋಗಲಿ ಎಂಬ ಮಾತು ಬರುತ್ತದೆ,
ಯಾರಿಂದ, ಯಾರಿಗೆ, ಎಷ್ಟು, ಯಾವ ದಿನ,
ಡಬ್ಬಿಯೊಳಗೊಂದು ಡಬ್ಬಿ, ಅದರೊಳಗೊಂದು,
ಪ್ರತಿಯೊಂದಕ್ಕೂ ಅದರದೇ ಮುಚ್ಚಳ.

ಅದಕ್ಕೊಂದು ಛಂದಸ್ಸಿದೆ. ಸ್ಕೀಮಾ ಅನ್ನುತ್ತೇವೆ.
ಹೆಸರಿಗೆ ಎಪ್ಪತ್ತು ಅಕ್ಷರ; ಎಪ್ಪತ್ತೊಂದನೆಯದು ಹೊಸ್ತಿಲಾಚೆ.
ಹೆಸರು ಮೊದಲು, ಖಾತೆ ಆಮೇಲೆ,
ಹಿಂದುಮುಂದಾದರೆ ಗಣ ತಪ್ಪಿದ ಪದ್ಯದ ಹಾಗೆ
ಅಲ್ಲೇ ಮುಗ್ಗರಿಸುತ್ತದೆ.
ದಿನಾಂಕ ವರ್ಷದಿಂದ ಶುರುವಾಗಬೇಕು.
ಒಂದು ಕಡೆ ಎಡವಿದರೂ ಕಡತ ಇಡಿಯಾಗಿ ವಾಪಸು.
ನೂರ ಹದಿನೆಂಟು ಜನರ ಸಂಬಳದಲ್ಲಿ
ನೂರ ಹದಿನೇಳು ಸರಿ ಇದೆಯಲ್ಲ ಎಂದರೆ
ಕೇಳಿಸಿಕೊಳ್ಳುವ ಕಿವಿ ಅದಕ್ಕಿಲ್ಲ.

ಇವತ್ತು ಇಪ್ಪತ್ತಮೂರು. ನಾಳೆ ರಾತ್ರಿ ಹಬ್ಬದೂಟ,
ಮಾಂಸವಿಲ್ಲದ ಹನ್ನೆರಡು ಬಗೆ.
ಮೀನಿಗೆ ಹೊಗೆ ಹಾಕುವ ಕಾರ್ಖಾನೆಯ ಸಂಬಳದ ಕಡತ
ಕೆಂಪಾಗಿ ನಿಂತಿದೆ:
ಸಾಲು ೨೦೪೧. ಮೊತ್ತ. ದಶಮಾಂಶ ಸಂಖ್ಯೆಯಲ್ಲ.

ನೋಡಿದೆ. ೧೨೨೬,೪೦.
ಚುಕ್ಕಿ ಕೂರಬೇಕಾದಲ್ಲಿ ಅಲ್ಪವಿರಾಮ.
ನಮಗೆ ಶಾಲೆಯಲ್ಲಿ ಕಲಿಸಿದ್ದು ಹಾಗೇ,
ಬ್ರೆಡ್ ಅಂಗಡಿಯ ರಸೀದಿಯಲ್ಲೂ ಹಾಗೇ.
ಆದರೆ ಸಂಬಳದ ತಂತ್ರಾಂಶ ಹಾಗೆ ಬರೆಯುವುದಿಲ್ಲ,
ಒಂಬತ್ತು ವರ್ಷದಲ್ಲಿ ಒಮ್ಮೆಯೂ ಬರೆದಿಲ್ಲ.
ಚುಕ್ಕಿ ಯಂತ್ರದ್ದು, ಅಲ್ಪವಿರಾಮ ಬೆರಳಿನದು.
ಯಾರೋ ಕಡತ ಬಿಚ್ಚಿ ಕೈಹಾಕಿದ್ದಾರೆ.
ಮೇಲೆ ಹೋಗಿ ಒಟ್ಟು ಮೊತ್ತಕ್ಕೆ ತಾಳೆ ಹಾಕಿದೆ:
ಕಾಸಿಗೆ ಕಾಸು ಸರಿ. ಅಲ್ಲಿ ಎಚ್ಚರವಿತ್ತು,
ಇಲ್ಲಿ ರೂಢಿ ಗೆದ್ದಿದೆ.

ನಾವು ತಿದ್ದುವಂತಿಲ್ಲ, ಒಂದು ಚುಕ್ಕಿಯನ್ನೂ.
ಫೋನು ಮಾಡಿದೆ. ಅಕೌಂಟೆಂಟ್ ಗೆನೊವೈತೆ.
"ವಿದ್ಮಂತಾಸ್," ಅಂದಳು, ನಾನು ಕೇಳುವ ಮೊದಲೇ.
"ಒಲೆ ಕಾಯುವವನು. ನವೆಂಬರಿನ ಬಿರುಗಾಳಿಗೆ
ಹಾಜರಿ ಯಂತ್ರ ಮೂರು ರಾತ್ರಿ ಸತ್ತಿತ್ತು.
ಅವನು ಬಂದಿದ್ದ. ನಾನು ನೋಡಿದ್ದೇನೆ, ರೆಪ್ಪೆಯ ಮೇಲೆ ಮಸಿ.
ಮಾಲೀಕರು ಟೆನೆರಿಫೆಯಲ್ಲಿ ಬಿಸಿಲು ಕಾಯಿಸುತ್ತಿದ್ದಾರೆ,
ಫೋನು ಎತ್ತುವುದಿಲ್ಲ."

ನನ್ನ ಕೆಲಸದ ಕೈಪಿಡಿಯಲ್ಲಿ ಇದಕ್ಕೊಂದು ಪುಟ ಇದೆ,
ಯಾರಿಗೆ ತಿಳಿಸಬೇಕು, ಎಷ್ಟು ಹೊತ್ತಿನೊಳಗೆ.
ಗಡಿಯಾರದಲ್ಲಿ ಮೂರೂ ಮೂವತ್ತೊಂಬತ್ತು.
ನಾಲ್ಕಕ್ಕೆ ಕದ ಮುಚ್ಚುತ್ತದೆ.
"ಸಾಲು ಎರಡು ಸಾವಿರದ ನಲವತ್ತೊಂದು," ಎಂದೆ,
"ಅಲ್ಪವಿರಾಮ ತೆಗೆದು ಚುಕ್ಕಿ ಇಡಿ."
ಅಷ್ಟು ಹೇಳಲು ನನಗೆ ಅಧಿಕಾರವಿದೆ.
ಅಷ್ಟಕ್ಕೇ ಸುಮ್ಮನಾಗಲು ಇತ್ತೆ, ಗೊತ್ತಿಲ್ಲ.

ಆ ಕಡೆ ಉಸಿರು. ಆಮೇಲೆ ಕೀಲಿಮಣೆ.
ಒಂದು ಚುಕ್ಕಿಗೆ ಅಷ್ಟು ಸದ್ದು ಬೇಕಿರಲಿಲ್ಲ.

ಮೂರೂ ಐವತ್ತೆರಡಕ್ಕೆ ಕಡತ ಮತ್ತೆ ಬಂತು. ಹಸಿರು.
ಮೊತ್ತ ಅದೇ, ನಡುವೆ ಚುಕ್ಕಿ.
ಕೆಳಗೆ, ಮೊದಲು ಇಲ್ಲದಿದ್ದ ಒಂದು ಷರಾ.
ಆ ಒಂದು ಡಬ್ಬಿಯಲ್ಲಿ ನೂರ ನಲವತ್ತು ಅಕ್ಷರದೊಳಗೆ
ಏನನ್ನಾದರೂ ತುಂಬಬಹುದು,
ಸ್ಕೀಮಾ ಉದ್ದ ಅಳೆದು ಕೈತೊಳೆದುಕೊಳ್ಳುತ್ತದೆ.
"ನವೆಂಬರ್ ೧೪, ೧೫, ೧೬, ರಾತ್ರಿ ಪಾಳಿ.
ಸೇರಿಸಿದವಳು ನಾನು, ಗೆನೊವೈತೆ.
ಕೇಳುವುದಿದ್ದರೆ ನನ್ನನ್ನು ಕೇಳಿ."
ಜಾಗ ಇನ್ನೂ ಉಳಿದಿತ್ತು.
ಎಣಿಸಬೇಕಾಗಿರಲಿಲ್ಲ; ಎಣಿಸಿದೆ.

ಪಕ್ಕದ ಮೇಜಿನ ತೌತ್ವಿದಾಸ್
ಕೋಟಿನ ತೋಳಿಗೆ ಕೈ ತೂರಿಸುತ್ತ ಕೇಳಿದ,
ಆ ಮೀನಿನವರದ್ದು ಏನಾಗಿತ್ತು?
ಅಲ್ಪವಿರಾಮ, ಎಂದೆ.
ಪ್ರತಿ ವರ್ಷ ಇದೇ ಗೋಳು, ಅಂದ,
ದೀಪ ಆರಿಸಿದ.