ಬಗ್ಗೂ ಫ್ಯಾನು

ಗೋಕುಲ ರೋಡಿನ ನನ್ನ ಲೇತಿನ ಮುಂದ
ಸಿಮೆಂಟಿನ ಚೀಲ ಬಿಚ್ಚಿದಳು ಫಕ್ಕೀರವ್ವ.
ಒಳಗ ದೋಣಿಯ ಫ್ಯಾನು, ಮೂರು ಎಲಿ,
ಎಲಿಗೊಂದು ಗಾಯ.

"ಇದು ಮುಳುಗಿದೂರಿನ ಹುಣಸಿ ಬೊಡ್ಡಿ.
ಇದು ಸೇದೂ ಬಾವಿ ಕಟ್ಟಿ.
ಇದು..." ಬೆರಳು ಅಲ್ಲೇ ನಿಂತಿತು.
"ನಮ್ಮ ಹಿತ್ತಲ ಗ್ವಾಡಿ.
ಬ್ಯಾರೇಜಿನ ನೀರು ಇಳಿದಾಗಷ್ಟೇ ತಾಗತೈತಿ."

ನಾನೋ ದೋಣಿ ಹತ್ತಿದವನಲ್ಲ.
ಅಗಲ ಅಳೆದೆ, ಎಲಿಯ ತಿರುವು ಅಳೆದೆ,
ಎಂಜಿನ್ನು ಎಷ್ಟು ಎಚ್‌ಪಿ, ಮಂದಿ ಎಷ್ಟು, ಕೇಳಿದೆ.
"ಹನ್ನೆರಡು. ಸಂತಿ ದಿನ ಕುರಿ ಲೆಕ್ಕಕ್ಕಿಲ್ಲ."

ಹಂಗಾದರ ತಿರುವು ಕಡಿಮಿ ಇರಲಿ,
ಓಟ ಕಮ್ಮಿ, ಎಳೆತ ಜಾಸ್ತಿ.
"ಓಡಿ ಎಲ್ಲಿಗೆ ಹೋಗಲಿ?
ಆಚೀ ದಂಡಿ ಎಂಟೇ ನಿಮಿಷ."

ಸ್ಟೀಲಿಂದು ತೆಗೆದೆ, ಕನ್ನಡಿಯಂಥಾದ್ದು,
ಕಲ್ಲಿಗೆ ಬಡಿದರೂ ಬಗ್ಗೂದಿಲ್ಲ.
ಕುಡಗೋಲು ನೋಡಿದಂಗ
ಹೆಬ್ಬೆರಳಿಲೆ ಅಂಚು ಸವರಿದಳು.
"ಇದು ಬಗ್ಗದಿದ್ದರ ಒಳಗ ಗೇರು ಮುರೀತೈತಿ.
ನಡು ಹೊಳ್ಯಾಗ ಯಾರನ್ನ ಕರೀಲಿ?"

ಅಲ್ಯುಮಿನಿಯಮ್ಮಿಂದನ್ನೇ ಕಟ್ಟಿಕೊಟ್ಟೆ.
ಹಳೇದನ್ನ ಬಡಿದು ನೆಟ್ಟಗ ಮಾಡಲೇನು ಅಂದರ
ಎರಡು ಎಲಿ ತೋರಿಸಿದಳು.
ಮೂರನೇದು?
"ಇರಲಿ ಅದು."
ತೂಕ ತಪ್ಪತೈತಿ, ದೋಣಿ ನಡಗತೈತಿ ಅಂದೆ.
ಚೀಲದ ಬಾಯಿ ಬಿಗಿದಳು.